ಒಂದು ಬಿಸಿಲಿಗೆ ಒಣಗುವಷ್ಟು ಸಾಮಾನು

ಸಾಮಾನು ಕಮ್ಮಿ ಮಾಡ್ಬೇಕು ಅಂತ ನನಗೇನೂ ಜ್ಞಾನೋದಯ ಆಗಿದ್ದಲ್ಲ, ಬೂಷ್ಟು ಹಿಡೀತು ಅಷ್ಟೇ. ನಾನು ಶಿರಸಿ ಕಡೆಯವ, ಕೆಲಸಕ್ಕೆ ಅಂತ ದೇವಿಮನೆ ಘಟ್ಟ ಇಳಿದು ಬಂದು ಕಾರವಾರದ ಕಾಜುಬಾಗಲ್ಲಿ ಎರಡು ರೂಮಿನ ಬಾಡಿಗೆ ಮನೆ ಮಾಡ್ಕೊಂಡಿದ್ದೇನೆ. ಚೌತಿಗೆ ಊರಿಗೆ ಹೊರಡೋಣ ಅಂತ ಕಪಾಟು ತೆಗೆದ್ರೆ ಮಡಿ ಪಂಚೆ ಮೇಲೆ ಬೂಷ್ಟು, ಬೆಲ್ಟು ಹಸಿರು, ಮೂಲೇಲಿದ್ದ ಡಂಬೆಲ್ಸ್ ತುಕ್ಕು ಹಿಡಿದು ಟೈಲ್ಸಿಗೂ ಕಲೆ.

ಘಟ್ಟದ ಮೇಲೆ ಮಳೆ ಕಮ್ಮಿ ಅಂತೇನಲ್ಲ. ಆದ್ರೆ ಊರ ಮನೇಲಿ ಒಲೆ ಉರೀತಿರತ್ತೆ, ಹೊಗೆ ಅಟ್ಟಕ್ಕೇರತ್ತೆ, ಸಾಮಾನು ಬೆಚ್ಚಗಿರತ್ತೆ. ಇಲ್ಲಿ ಗ್ಯಾಸು, ಅದ್ರ ಮೇಲೆ ಸಮುದ್ರದ ಗಾಳಿ, ಆ ಗಾಳೀಲಿರೋ ಉಪ್ಪು ಎಲ್ಲಿ ಕೂತ್ರೂ ಪಸೆ ಎಳ್ಕೊಂಡೇ ಇರತ್ತೆ. ನಾಲ್ಕು ತಿಂಗಳು ಯಾವುದನ್ನ ಮುಟ್ಟಲ್ವೋ ಅದು ಹಾಳಾಯ್ತು ಅಂತಲೇ ಲೆಕ್ಕ.

ಅಕ್ಟೋಬರಲ್ಲಿ ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಸಂತೆಗೂ ಹೋಗದೆ ಮನೇಲಿರೋದೆಲ್ಲ ಟೆರೇಸಿಗೆ ಹೊತ್ತೆ. ಹೊರೋದೇ ಒಂದು ಪಾಠ ಬಿಡಿ, ಎಂಟನೇ ಸಲ ಮೆಟ್ಟಿಲು ಹತ್ತುವಾಗ ನನಗೇ ನನ್ನ ಮೇಲೆ ಸಿಟ್ಟು ಬಂತು. ಅಂಗಿ 41, ಚಾರ್ಜರ್ ವೈರು 14, ಮದುವೆಮನೆಗಳಲ್ಲಿ ಉಡುಗೊರೆ ಅಂತ ಕೊಟ್ಟ ಸ್ಟೀಲ್ ತಟ್ಟೆ ಒಂದು ಗೋಣಿಚೀಲ! ಸಂಜೆಯಾದ್ರೂ ಅರ್ಧ ಒಣಗಿರಲಿಲ್ಲ, ಹಗ್ಗ ಸಾಲಲಿಲ್ಲ, ಜಾಗಾನೂ ಸಾಲಲಿಲ್ಲ. ಅಲ್ಲೇ ಅನ್ನಿಸ್ತು, ಮಳೆಗಾಲದಲ್ಲಿ ಮಳೆ ಬಿಟ್ಟು ಹೊಳವಾದ ಒಂದು ದಿನದಲ್ಲಿ ನಾನೊಬ್ಬ ಒಣಗಿಸಿ ವಾಪಸ್ ಒಳಗಿಡೋಕಾಗುವಷ್ಟೇ ನನ್ನ ಸಾಮಾನು, ಮಿಕ್ಕಿದ್ದು ಬೂಷ್ಟಿಂದು. ಇದನ್ನೇ ಇಟ್ಕೊಂಡು ಕಡಿಮೆ ಮಾಡ್ತಾ ಹೋದೆ. ಈಗ ಅಂಗಿ 12.

ಕಬ್ಬಿಣ, ತಟ್ಟೆ ಗುಜರಿಗೆ ಹೋಯ್ತು. ಬಟ್ಟೆ ಕೊಡುವಾಗ ಮಾತ್ರ ಹುಷಾರು, ನಮಗೆ ಬೇಡದ್ದು ಬಡವರಿಗೆ ಬೇಕೇ ಬೇಕು ಅನ್ನೋದು ನಮ್ಮ ಸೊಕ್ಕು. ಮೊದಲು ಕೇಳಿ ಕೊಟ್ಟೆ, ಬೇಡ ಅಂದ್ರೆ ನೆಲ ಒರೆಸೋ ಬಟ್ಟೆ.

ಆ ಹುರುಪಲ್ಲಿ ಊರಿಗೆ ಹೋಗಿ ಅಟ್ಟಕ್ಕೂ ಕೈ ಹಾಕಿದೆ ನೋಡಿ, ಅದೇ ತಪ್ಪು. ಆಯಿ, ಅಂದ್ರೆ ನನ್ನಮ್ಮ, ಕೆಳಗಿಂದ್ಲೇ ಕೂಗ್ತಿದ್ಲು, "ತಮಾ, ಒಗೆಯಡ, ಯಾವಾಗಾರೂ ಬೇಕಾಗ್ತು." ಒಗೆಯೋದು ಅಂದ್ರೆ ನಮ್ಮ ಕಡೆ ಬಿಸಾಡೋದು. ಕೇಳೋರ್ಯಾರು. ಖಾಲಿ ಬಿದ್ದಿದ್ದ ಎರಡು ದೊಡ್ಡ ಭರಣಿ ಯಾರಿಗೋ ಕೊಟ್ಟುಬಿಟ್ಟೆ. ಮುಂದೆ ಅಪ್ಪೆಮಿಡಿ ಬಂತು, ಮಿಡಿ ಉಪ್ಪಲ್ಲಿ ಹಾಕೋಕೆ ಭರಣಿ ಎಲ್ಲಿ? ಅಪ್ಪೆಮಿಡಿ ವರ್ಷಗಟ್ಟಲೆ ಇರ್ಬೇಕು, ಪ್ಲಾಸ್ಟಿಕ್ ಡಬ್ಬಿ ಆಯಿಗೆ ಆಗ್ಬರಲ್ಲ. ಆಯಿ ಬೈಲಿಲ್ಲ, ಒಂದು ವಾರ ಫೋನಲ್ಲಿ "ಊಟ ಆತಾ" ಬಿಟ್ರೆ ಬೇರೆ ಮಾತೇ ಇಲ್ಲ. ಹೊಸ ಭರಣಿ ಕೊಂಡು ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಘಟ್ಟ ಹತ್ತಿದೆ. ಬೇರೆಯವರ ಸಾಮಾನು ಅವರು ಹೇಳದೆ ಮುಟ್ಟಬಾರದು, ಅದು ಎಷ್ಟೇ ಧೂಳು ತಿಂತಿರಲಿ.

ಆಯಿಯ ಹಳೇ ಸೀರೆಗಳಿಗೆ ಮಾತ್ರ ಒಳ್ಳೆ ದಾರಿ ಸಿಕ್ತು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆ ತುಂಡು ಸೇರಿಸಿ ಕೈಯಲ್ಲೇ ಹೊದೆಯೋ ಕೌದಿ ಹೊಲೀತಾರೆ, ಬಣ್ಣ ಜೋಡಿಸೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ಆಯಿ ತಾನೇ ಆರಿಸಿಕೊಟ್ಟ ಸೀರೆಗಳಲ್ಲಿ ಎರಡು ಕೌದಿ ಆಯ್ತು, ಮಜೂರಿ ಕೊಟ್ಟು ಹೊಲಿಸಿದ್ದು. ಒಂದು ನನ್ನ ಹತ್ರ ಇದೆ. ನನ್ನ ರೂಲಿಗೆ ಅದು ಪಕ್ಕಾ ವಿರುದ್ಧ, ಒದ್ದೆಯಾದ್ರೆ ಪೂರ್ತಿ ಹಗ್ಗ ಅದಕ್ಕೇ ಬೇಕು, ಮಳೇಲಂತೂ ಒಣಗೋದೇ ಇಲ್ಲ. ಇರಲಿ.

ತೆಗೆಯೋದಕ್ಕಿಂತ ಒಳಗೆ ಬರೋದನ್ನ ತಡೆಯೋದೇ ಕಷ್ಟ. ಫೋನಲ್ಲಿ ಏನಾದ್ರೂ ಕಂಡು ಬೇಕು ಅನ್ನಿಸಿದ್ರೆ ಕ್ಯಾಲೆಂಡರಲ್ಲಿ ಬರೀತೀನಿ, ಮುಂದಿನ ಭಾನುವಾರದ ಸಂತೆ ಮುಗಿಯೋವರೆಗೆ ಆರ್ಡರ್ ಇಲ್ಲ. ಹೆಚ್ಚಿನದ್ದು ಅಷ್ಟರೊಳಗೆ ಮರೆತೇ ಹೋಗಿರತ್ತೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ತಾನೆ, ಬಿಡಕಿಬೈಲಲ್ಲಿ ದೇವಿಗೆ ಕೈ ಮುಗಿದು ಅಂಗಡಿ ಸಾಲಿಗೆ ಬಿದ್ರೆ ಮುಗೀತು, ಅಲ್ಲಿ ಈಗ ತಿನ್ನೋದಕ್ಕೆ ಮಾತ್ರ ದುಡ್ಡು ಬಿಚ್ಚೋದು.

ಕೊಡೆ ಇನ್ನೂ ನಾಲ್ಕಿವೆ, ಎರಡರ ಕಡ್ಡಿ ಮುರಿದಿದೆ, ರಿಪೇರಿ ಮಾಡಿಸ್ಬೇಕು. ಕಳೆದ ತಿಂಗಳು ಆಯಿ ಬಂದವಳು ಐಸ್‌ಕ್ರೀಂ ಡಬ್ಬಿ ತೊಳೆದು ಕವುಚಿ ಹಾಕಿಟ್ಟು ಹೋಗಿದ್ಲು. ನಾನೇನೂ ಅನ್ನಲಿಲ್ಲ. ಈಗ ಅದ್ರಲ್ಲಿ ಬೆಳ್ಳುಳ್ಳಿ ಇದೆ.