ದೇವಿಮನೆ ಘಟ್ಟ ಹತ್ತದ ಮಾರುತಿ 800ಕ್ಕೆ ಏನು ಮಾಡಬೇಕು

ಹಳೆಯ ಮಾರುತಿ 800ರ ಪಿಕಪ್ ಹೆಚ್ಚಿಸುವುದು ಹೇಗೆ ಎಂದು ಕೇಳುವವರು ಶಿರಸಿಯಲ್ಲಿ ಇನ್ನೂ ಸಾಕಷ್ಟು ಜನ ಇದ್ದಾರೆ. ಹೆಚ್ಚಿಸುವ ಮಾತು ಆಮೇಲೆ. ಕಳೆದುಹೋದದ್ದು ಎಲ್ಲಿದೆ ಎಂದು ಮೊದಲು ಹುಡುಕಿ ಎನ್ನುತ್ತೇನೆ. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಈ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ನು ಹೊಸದಿದ್ದಾಗ ಕೊಡುತ್ತಿದ್ದುದೇ ಸುಮಾರು 37 ಅಶ್ವಶಕ್ತಿ. ಕಾರಿನ ತೂಕವೂ 650 ಕಿಲೋ ಆಸುಪಾಸು ಆದ್ದರಿಂದ ಅಷ್ಟು ಸಾಕಾಗುತ್ತಿತ್ತು. ಕುಮಟಾದಿಂದ ಮರಳುವಾಗ ಕತಗಾಲ ದಾಟಿ ದೇವಿಮನೆ ಘಟ್ಟವನ್ನು ನಾಲ್ಕು ಜನರನ್ನು ಹೊತ್ತು ಎರಡನೇ ಗೇರಿನಲ್ಲಿ ತಕರಾರಿಲ್ಲದೆ ಹತ್ತುತ್ತಿದ್ದ ಕಾರು ಈಗ ತಿರುವು ತಿರುವಿಗೂ ಮೊದಲನೇ ಗೇರು ಬೇಡುತ್ತಿದ್ದರೆ, ಆ 37ರಲ್ಲಿ ಒಂದು ಪಾಲು ಎಲ್ಲೋ ಸೋರುತ್ತಿದೆ.

ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು. ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಒಬ್ಬರನ್ನು ಚಾಲಕರ ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿಸಿ. (ನಮ್ಮಲ್ಲಿ ಈ ಕೆಲಸ ಯಜಮಾನರದು, ಪತ್ರಿಕೆ ಓದುತ್ತಲೇ ಮಾಡುತ್ತಾರೆ.) ಕಾರ್ಬುರೇಟರಿನ ಥ್ರಾಟಲ್ (ಎಂಜಿನ್ನಿಗೆ ಹೋಗುವ ದಾರಿಯ ಬಾಗಿಲು) ತೆರೆಯುವ ಲಿವರ್ ತನ್ನ ಕೊನೆಯ ತಡೆಯನ್ನು ಮುಟ್ಟುತ್ತದೆಯೇ ನೋಡಿ. ಕೇಬಲ್ ಸಡಿಲವಾಗಿದ್ದರೆ, ಪೆಡಲಿನ ಕೆಳಗೆ ಮ್ಯಾಟು ಮಡಚಿಕೊಂಡಿದ್ದರೆ ಮುಟ್ಟುವುದಿಲ್ಲ. ಪೂರ್ತಿ ತುಳಿದಿದ್ದೇವೆ ಎಂದುಕೊಂಡು ಮುಕ್ಕಾಲು ಥ್ರಾಟಲಿನಲ್ಲೇ ಘಟ್ಟ ಹತ್ತುತ್ತಿರುತ್ತೇವೆ. ಏರ್ ಫಿಲ್ಟರ್ ಬಿಚ್ಚಿದಾಗ ಚೋಕಿನ (ತಣ್ಣಗಿನ ಎಂಜಿನ್ ಚಾಲೂ ಮಾಡಲು ಗಾಳಿ ತಡೆಯುವ) ತಗಡನ್ನೂ ನೋಡಿ: ಚೋಕಿನ ಗುಂಡಿಯನ್ನು ಒಳಗೆ ತಳ್ಳಿದಾಗ ತಗಡು ನೆಟ್ಟಗೆ ನಿಲ್ಲಬೇಕು. ಅರ್ಧ ಮುಚ್ಚಿ ನಿಂತರೆ ಪೆಟ್ರೋಲು ಸುರಿಯುತ್ತದೆ, ಹೊಗೆ ಕಪ್ಪಾಗುತ್ತದೆ, ಎಳೆತ ಸಾಯುತ್ತದೆ.

ಆಮೇಲೆ ಚಕ್ರಗಳು. ಒಂದೊಂದನ್ನೇ ಜ್ಯಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿ. ಕಾರವಾರ, ಅಂಕೋಲಾ ಕಡೆಯ ಕಾರುಗಳಲ್ಲಿ ಸಮುದ್ರದ ಉಪ್ಪುಗಾಳಿಗೆ ಬ್ರೇಕಿನ ಅಡ್ಜಸ್ಟರ್, ಹ್ಯಾಂಡ್ ಬ್ರೇಕ್ ಕೇಬಲ್ ಎರಡೂ ತುಕ್ಕು ಹಿಡಿದು, ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ಅಂಟಿಕೊಂಡೇ ಇರುತ್ತದೆ. ಎಂಜಿನ್ನು ಘಟ್ಟದ ಜೊತೆ ಬ್ರೇಕನ್ನೂ ಎಳೆಯಬೇಕು, ಬೈಗುಳ ಮಾತ್ರ ಎಂಜಿನ್ನಿಗೆ. ಮಳೆಗಾಲದಲ್ಲಿ ನಾಲ್ಕು ದಿನ ನಿಲ್ಲಿಸುವುದಿದ್ದರೆ ಹ್ಯಾಂಡ್ ಬ್ರೇಕ್ ಬೇಡ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟೈರು 145/70, 12 ಇಂಚಿನದೇ ಇರಲಿ. ಅಗಲದ ಟೈರು ನೋಟಕ್ಕೆ ಚೆಂದ, ಏರಿಗೆ ಭಾರ.

ಕ್ಲಚ್ ಜಾರುತ್ತಿದೆಯೇ ತಿಳಿಯಲು, ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಮೇಲಿನ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಒಮ್ಮೆಲೇ ತುಳಿಯಿರಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಮುಂದಿನದನ್ನು ಓದಬೇಡಿ, ಕ್ಲಚ್ ಪ್ಲೇಟ್ ಹಾಕಿಸಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಚ್ಚು ಶಕ್ತಿ ಹೋಗುವುದು ಕಿಡಿಯ ಕಡೆಯಿಂದ ಎಂಬುದು ನನ್ನ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಒಳಗೆ ಪಸೆ ಕೂರದೇ ಇರುತ್ತದೆಯೇ? ಕತ್ತಲಾದ ಮೇಲೆ ದೀಪ ಆರಿಸಿ, ಎಂಜಿನ್ ಚಾಲೂ ಮಾಡಿ ಬಾನೆಟ್ಟಿನೊಳಗೆ ನೋಡಿ, ಏನನ್ನೂ ಮುಟ್ಟದೆ. ಪ್ಲಗ್ ವೈರುಗಳ ಮೇಲೆ ನೀಲಿ ಮಿಂಚು ಓಡಿದರೆ ವೈರಿನ ಸೆಟ್ಟನ್ನೇ ಬದಲಿಸಿ. ಕ್ಯಾಪಿನ ಒಳಮೈಯಲ್ಲಿ ಪೆನ್ಸಿಲ್ ಗೆರೆಯಂತಹ ಕಪ್ಪು ಬಿರುಕು ಕಂಡರೆ ಒರೆಸಿ ಪ್ರಯೋಜನವಿಲ್ಲ, ಹೊಸದು ತನ್ನಿ. ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಸ್ವಿಚ್ಚು) ಇರುವ ಮಾದರಿಯಾದರೆ ಅದರ ಗ್ಯಾಪ್ 0.4ರಿಂದ 0.5 ಮಿಲಿಮೀಟರ್, ಪ್ಲಗ್ಗಿನದು 0.7ರಿಂದ 0.8. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಇಟ್ಟೇ ಅಳೆಯಿರಿ. ಕಣ್ಣಂದಾಜು ಅಡಿಕೆ ಕೊಯ್ಲಿಗಾಯಿತು, ಇದಕ್ಕಾಗದು. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹಾರುವ ಹೊತ್ತೂ, ಬದಲಾಗುವುದರಿಂದ ಗ್ಯಾಪ್ ಮೊದಲು, ಟೈಮಿಂಗ್ ಲೈಟ್ ಆಮೇಲೆ.

ಬಹಳ ಗ್ಯಾರೇಜುಗಳಲ್ಲಿ ನೋಡದೇ ಬಿಡುವುದು ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್, ಅಂದರೆ ಎಂಜಿನ್ನಿನ ಗಾಳಿಯ ಎಳೆತದಿಂದ ಕಿಡಿಯನ್ನು ಸ್ವಲ್ಪ ಮೊದಲೇ ಹಾರಿಸುವ ಭಾಗ. ಅದಕ್ಕೆ ಬರುವ ಸಣ್ಣ ರಬ್ಬರ್ ಕೊಳವೆಯ ಕಾರ್ಬುರೇಟರ್ ತುದಿಯನ್ನು ಕಿತ್ತು, ಒರೆಸಿ, ಬಾಯಿಂದ ಎಳೆಯಿರಿ. ಒಳಗಿನ ತಟ್ಟೆ ಸ್ವಲ್ಪ ತಿರುಗಬೇಕು, ನಾಲಿಗೆಯಿಂದ ತುದಿ ಮುಚ್ಚಿದರೆ ತಿರುಗಿದಲ್ಲೇ ನಿಲ್ಲಬೇಕು. ಗಾಳಿ ಸುಮ್ಮನೆ ಬಂದರೆ ಕೊಳವೆಯೋ ಒಳಗಿನ ರಬ್ಬರ್ ಪರದೆಯೋ (ಡಯಾಫ್ರಾಮ್) ಹರಿದಿದೆ. ಅರ್ಧ ಥ್ರಾಟಲಿನ ಓಟ ಮಂಕಾಗುವುದು, ಮೈಲೇಜ್ ಬೀಳುವುದು ಇದರಿಂದಲೇ.

ಪೆಟ್ರೋಲಿನ ದಾರಿಯಲ್ಲಿ ಫಿಲ್ಟರ್ ಬದಲಿಸುವುದು ಎಲ್ಲರಿಗೂ ಗೊತ್ತು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಎಂಬುದನ್ನು ಮಾತ್ರ ಮರೆಯಬೇಡಿ. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಅದರಲ್ಲಿರುವ ಶಕ್ತಿಯೂ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹಳೆಯ ಪೈಪುಗಳನ್ನೆಲ್ಲ ಒಮ್ಮೆ ಬದಲಿಸಿಬಿಡಿ, ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಕಾರ್ಬುರೇಟರ್ ತೊಳೆಯುವಾಗ ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ತೂತಿಗೆ ತಂತಿ ತೂರಿಸುವವರ ಕೈಯಿಂದ ಅದನ್ನು ಕಸಿದುಕೊಳ್ಳಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ಕೆಟ್ಟಿತು.

ಮಗ ಮೂಲ ಏರ್ ಫಿಲ್ಟರಿನ ಬದಲು ಬಯಲಾಗಿ ಕೂರುವ ಕೋನ್ ಫಿಲ್ಟರ್ ಹಾಕೋಣ ಎನ್ನುತ್ತಾನೆ. ಅದು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಕುಡಿಯುತ್ತದೆ. ಬಿಸಿಗಾಳಿ ತೆಳು, ಶಕ್ತಿ ಇನ್ನೂ ಕಡಿಮೆ. ಸೈಲೆನ್ಸರ್ ಬಿಚ್ಚಿದರೆ ಹೆಚ್ಚುವುದು ಸದ್ದು, ಜೊತೆಗೆ ದಂಡ. ಆ ದುಡ್ಡಿಗೆ ಕಾಗದದ ಫಿಲ್ಟರುಗಳನ್ನು ತಂದಿಟ್ಟುಕೊಳ್ಳಿ. ತೋಟದ ರಸ್ತೆಯ ಕೆಂಪು ಧೂಳಿಗೆ ಫೆಬ್ರವರಿಯಲ್ಲಿ ಹಾಕಿದ್ದು ಮೇ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತದೆ. ಬಿಸಿಯಾಗುತ್ತದೆಂಬ ಭಯಕ್ಕೆ ಯಾರಾದರೂ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ) ಕಿತ್ತೆಸೆದಿದ್ದರೆ ವಾಪಸ್ ಹಾಕಿಸಿ. ಮಲೆನಾಡಿನ ಚಳಿಯಲ್ಲಿ ಅದಿಲ್ಲದ ಎಂಜಿನ್ನು ಕಾಯುವುದೇ ಇಲ್ಲ.

ಇಷ್ಟಾದರೂ ಎಳೆತ ಬರದಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬುದನ್ನು, ನೋಡಿಸಿ. ಎಂಜಿನ್ ಬಿಸಿಯಿರಬೇಕು, ಮೂರೂ ಪ್ಲಗ್ ಹೊರಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಮೂರರ ನಡುವಿನ ವ್ಯತ್ಯಾಸ ಚದರ ಸೆಂಟಿಮೀಟರಿಗೆ ಒಂದು ಕಿಲೋ ಮೀರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗು ಸವೆದಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವ್. ವಾಲ್ವ್ ಎಂದಾದರೆ ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ ಸೆಟ್ಟಿಂಗ್ (ವಾಲ್ವನ್ನು ಒತ್ತುವ ಭಾಗದ ಸಂದು ಸರಿ ಮಾಡುವುದು) ಮಾಡಿಸಿ ನೋಡಿ. ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಒತ್ತಡ ಸೋರುತ್ತದೆ. ಮೂರೂ ಸಿಲಿಂಡರ್ ಒಂದೇ ಸಮ ಕಡಿಮೆ ತೋರಿಸಿ, ಇತ್ತೀಚೆಗೆ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಬೆಲ್ಟ್) ಬದಲಿಸಿದ್ದಿದ್ದರೆ ಬೆಲ್ಟು ಒಂದು ಹಲ್ಲು ಆಚೀಚೆ ಕೂತಿದೆಯೇ ಎಂದು ಗುರುತು ನೋಡಿಸಿ. ಹಾಗೆ ಕೂತ ಎಂಜಿನ್ನು ಚಾಲೂ ಆಗುತ್ತದೆ, ಊರೊಳಗೆ ಓಡುತ್ತದೆ, ಘಟ್ಟದಲ್ಲಿ ಮಾತ್ರ ಕೈಕೊಡುತ್ತದೆ.

ಒಂದೊಂದನ್ನು ಸರಿಪಡಿಸಿದ ಮೇಲೂ ಅದೇ ಏರಿನಲ್ಲಿ, ಅಷ್ಟೇ ಜನರನ್ನು ಕೂರಿಸಿ, ಎಸಿ ಆರಿಸಿ ಓಡಿಸಿ ನೋಡಿ. ತಿರುವಿನ ಒಳಗೆ ಹೋಗಿ ಏದುಸಿರು ಬಂದ ಮೇಲೆ ಗೇರು ಇಳಿಸಬೇಡಿ; ತಿರುವಿಗೆ ಮೊದಲೇ ಎರಡಕ್ಕೆ ಬನ್ನಿ. ಈ ಎಂಜಿನ್ನಿನ ಗರಿಷ್ಠ ಎಳೆತ ಸಿಗುವುದು ನಿಮಿಷಕ್ಕೆ 2500 ಸುತ್ತಿನ ಹತ್ತಿರ, ಅದಕ್ಕಿಂತ ಕೆಳಗೆ ಬಿಟ್ಟರೆ ಎಷ್ಟು ತುಳಿದರೂ ಗುರುಗುಡುವುದಷ್ಟೇ. ಇನ್ನು ಕಂಪ್ರೆಷನ್ ಮೂರರಲ್ಲೂ ಸರಿಯಿದ್ದು, ಎಂಜಿನ್ ಹೊಗೆ ಬಿಡದೆ, ಆಯಿಲ್ ಕುಡಿಯದೆ ಇದ್ದರೆ, ಬೋರಿಂಗ್ (ಸಿಲಿಂಡರ್ ಕೊರೆದು ಅಗಲಿಸುವ ಕೆಲಸ) ಮಾಡಿಸಿ ಎನ್ನುವ ಗ್ಯಾರೇಜಿನಿಂದ ಕೀಲಿ ಇಸಿದುಕೊಂಡು ಹೊರಡಿ.