ಬೂಷ್ಟು ಒರೆಸಿದರೆ ಹೋಗಲ್ಲ

ಹೋದ ಸಂಕ್ರಾಂತಿಗೆ ಎಳ್ಳು ಬೀರೋಕೆ ಅಂತ ಸೊಸೆ ಡಬ್ಬದಿಂದ ಕೊಬ್ಬರಿ ಗಿಟುಕು ತೆಗೆದಳು. ಮೇಲೆ ಚೆನ್ನಾಗೇ ಇತ್ತು. ಹೋಳು ಮಾಡಿದರೆ ಒಳಗಿಂದ ಹಸಿರು ಪುಡಿ ಹಾರಿತು. "ಒರೆಸಿ ಬಿಸಿಲಿಗಿಟ್ರೆ ಆಗಲ್ವಾ ಅತ್ತೆ?" ಅಂದಳು. "ಬೇಡ ಕಣಮ್ಮ, ಬಿಸಾಕು" ಅಂದೆ. ಐದು ಗಿಟುಕು ಹೋಯ್ತಲ್ಲಾ ಅಂತ ಅವಳಿಗೆ ಸಂಕಟ.

ನಮ್ಮ ಕಣ್ಣಿಗೆ ಕಾಣೋ ಪುಡಿ ಬೂಷ್ಟಿನ ಬೀಜ ಇದ್ದ ಹಾಗೆ. ಅದರ ಮೈ ಇರೋದು ಒಳಗೆ, ಕೂದಲಿಗಿಂತ ಸಣ್ಣ ಎಳೆಗಳಾಗಿ. ಇದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಗಿಡದ ಹಾಗೆ ಬಿಸಿಲಿನಿಂದ ಊಟ ಮಾಡಿಕೊಳ್ಳೋಕೆ ಬರಲ್ಲ, ಕೂತ ಪದಾರ್ಥದ ಮೇಲೆ ರಸ ಬಿಟ್ಟು ಕರಗಿಸಿ ಹೀರುತ್ತೆ. ಅದಕ್ಕೇ ಬ್ರೆಡ್ಡಿನ ಒಂದು ಮೂಲೆಯಲ್ಲಿ ಬೂಷ್ಟು ಕಂಡರೂ ಇಡೀ ಹೋಳು ಬಿಡಬೇಕು.

ಕೊಬ್ಬರಿ, ಕಡಲೆಕಾಯಿ ಬೀಜ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಈ ನಾಲ್ಕರ ಮೇಲೆ ನನಗೆ ಕಣ್ಣು ಜಾಸ್ತಿ. ಇವುಗಳಲ್ಲಿ ಕೂರೋ ಒಂದು ಜಾತಿ ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗಲೇ ಇದು ಗೊತ್ತಾಗಿದ್ದು. ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿ ಬೂಷ್ಟು ಹಿಡಿದಿತ್ತು. ಹುರಿದರೂ ಕುದಿಸಿದರೂ ಈ ವಿಷ ಪೂರ್ತಿ ಹೋಗಲ್ಲ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಒಳಗೆ ಹೋದರೆ ಲಿವರ್ ಕೆಡುತ್ತೆ. ಮಂಡ್ಯದ ಕಡೆ ಹಸು ಕಟ್ಟಿದವರು ಇದನ್ನ ಮರೀಬೇಡಿ. ಬೂಷ್ಟು ಬಂದ ಹಿಂಡಿ ತಿಂದ ಹಸುವಿನ ಹಾಲಿನಲ್ಲೂ ಆ ವಿಷ ಇಳಿಯುತ್ತೆ. ನಮಗೆ ಬೇಡದ್ದು ಹಸುವಿಗೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಕಡಲೆಕಾಯಿ ತಗೊಂಡಾಗ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಗಲಗಲ ಅನ್ನಬೇಕು. ಬೀಜ ಬಿಡಿಸುವಾಗ ಸುರುಟಿದ್ದು, ಕಪ್ಪಾಗಿದ್ದು, ಕಲೆ ಬಿದ್ದಿದ್ದು ಆರಿಸಿ ತೆಗೀರಿ. ಬಾಯಿಗೆ ಕಹಿ ಬಂದರೆ ಉಗಿದುಬಿಡಿ. ಎಳ್ಳಿಗೆ ಅಂತ ಹೆಚ್ಚಿದ ಕೊಬ್ಬರಿ, ಬೆಲ್ಲ ಎರಡನ್ನೂ ಬೇರೆ ಬೇರೆ ಒಣಗಿಸಿ ಆಮೇಲೆ ಬೆರೆಸಿ. ಬಿಸಿಲಿನ ಕಾವು ಇರುವಾಗಲೇ ಡಬ್ಬ ಮುಚ್ಚಿದರೆ ಒಳಗೆ ಬೆವರುತ್ತೆ, ಅಷ್ಟು ತೇವ ಸಾಕು ಬೂಷ್ಟಿಗೆ. ಉಪ್ಪಿನಕಾಯಿ ಜಾಡಿಗೆ ಒಣ ಸೌಟು, ಮೇಲೆ ಎಣ್ಣೆ ನಿಂತಿರಬೇಕು. ಅದು ನಿಮಗೆಲ್ಲ ಗೊತ್ತಿರೋದೇ.

ಹಾಗಂತ ಈ ಕುಲವನ್ನೇ ದೂರ ಇಡಬೇಕಿಲ್ಲ, ನಾವು ತಿನ್ನೋ ಅಣಬೆಯೂ ಬೂಷ್ಟಿನ ಕುಲದ್ದೇ. ಗುಡುಗು ಮಳೆ ಬಿದ್ದ ಮಾರನೇ ದಿನ ನಮ್ಮವ್ವ ಹೊಲದ ಬದುವಿನ ಹುತ್ತದ ಹತ್ತಿರ ಹೋಗೋಳು. ಅಣಬೆಯ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಗೇಣುದ್ದದ ಬಿಳೀ ಬೇರು ಎದ್ದು ಬರೋದು. ಆ ಬೇರು ಇಳಿದಿರೋದು ಗೆದ್ದಲು ಸಾಕಿದ ತೋಟಕ್ಕೆ. ಗೆದ್ದಲು ಕಡ್ಡಿ, ಎಲೆ ತಿಂದು ಹಾಕಿದ ಹಿಕ್ಕೆ ಮೇಲೆ ಈ ಅಣಬೆ ಬೆಳೆದು ಅದನ್ನ ಮೆತ್ತಗೆ ಮಾಡುತ್ತೆ, ಗೆದ್ದಲು ಅದನ್ನೇ ತಿಂದು ಬದುಕುತ್ತೆ. ಹುತ್ತ ಅಗೆದು ಹಾಕಿದರೆ ಆ ತೋಟವೇ ಹಾಳು. ಕಿತ್ತಿದ್ದಷ್ಟೇ ಸಾಕು, ಮುದ್ದೆ ಜೊತೆಗೆ ಆ ಸಾರು ಇದ್ದರೆ ಇನ್ನೇನೂ ಬೇಡ.

ಆದರೆ ಗುರುತು ಬಲ್ಲ ಹಿರಿಯರು ಜೊತೆಗಿಲ್ಲದೆ ಕಾಡಣಬೆ ಮುಟ್ಟಬೇಡಿ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೇದು, ಇದ್ಯಾವುದೂ ನಿಜ ಅಲ್ಲ. ಕೆಲವು ವಿಷದ ಅಣಬೆ ಬೇಯಿಸಿದರೂ ವಿಷವೇ. ಪ್ರಾಣ ತೆಗೆಯೋ ಕೆಲವು ಜಾತಿ ತಿಂದರೆ ವಾಂತಿ ಭೇದಿ ಶುರುವಾಗೋದೇ 6 ಗಂಟೆ ಕಳೆದ ಮೇಲೆ, ಒಮ್ಮೊಮ್ಮೆ ಮಾರನೇ ದಿನ. ನಡುವೆ ಸುಧಾರಿಸಿದ ಹಾಗೆ ಕಾಣುತ್ತೆ, ಒಳಗೆ ಲಿವರ್ ಕೆಡ್ತಾ ಇರುತ್ತೆ. ಅನುಮಾನ ಬಂದ ಕ್ಷಣವೇ ಉಳಿದ ಅಣಬೆಯನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ಓಡಿ.

ಅಣಬೆ ತಿನ್ನೋ ಆಸೆ ಇದ್ದರೆ ಮನೆಯಲ್ಲೇ ಚಿಪ್ಪಣಬೆ ಬೆಳೀಬಹುದು. ನಮ್ಮಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಹುಲ್ಲನ್ನ ಕತ್ತರಿಸಿ ರಾತ್ರಿ ನೆನೆಹಾಕಿ, ಬಿಸಿನೀರಲ್ಲಿ ಕುದಿಸಿ, ಬಸಿದು ಆರಿಸಿ. ಹಿಂಡಿದರೆ ಕೈ ತೇವ ಆಗಬೇಕು, ನೀರು ತೊಟ್ಟಿಕ್ಕಬಾರದು. ಈ ಹದ ತಪ್ಪಿದರೆ ಹಸಿರು ಬೂಷ್ಟು ಮೊದಲು ಬಂದು ಕೂತುಬಿಡುತ್ತೆ. ಪ್ಲಾಸ್ಟಿಕ್ ಚೀಲಕ್ಕೆ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ (ಕಾಳಿನ ಮೇಲೆ ಬೆಳೆಸಿದ ಅಣಬೆ ಎಳೆ) ಹಾಕಿ ಬಾಯಿ ಕಟ್ಟಿ, ಸುತ್ತ ತೂತು ಮಾಡಿ, ಕತ್ತಲ ಕೋಣೆಯಲ್ಲಿಡಿ. ಎರಡು ಮೂರು ವಾರದಲ್ಲಿ ಹುಲ್ಲೆಲ್ಲ ಬಿಳೀ ಎಳೆ ತುಂಬಿಕೊಳ್ಳುತ್ತೆ. ಆಗ ಚೀಲ ಬಿಚ್ಚಿ ಗಾಳಿ, ಸ್ವಲ್ಪ ಬೆಳಕು ಕೊಟ್ಟು ನೀರು ಚಿಮುಕಿಸಿ. ಅಂಚು ಮೇಲಕ್ಕೆ ಸುರುಟೋ ಮುಂಚೆ ಕೀಳಿ, ಇಲ್ಲದಿದ್ದರೆ ಪುಡಿ ಉದುರಿ ಕೆಮ್ಮು ಹತ್ತುತ್ತೆ. ಎರಡು ಮೂರು ಸಲ ಕೊಯ್ದಾದ ಮೇಲೆ ಆ ಹುಲ್ಲನ್ನ ತಿಪ್ಪೆಗೆ ಹಾಕಿ, ಸೊಪ್ಪಿನ ಮಡಿಗೆ ಒಳ್ಳೇ ಗೊಬ್ಬರ.