ತಗಡು ಶೀಟಿನ ಬಿಸಿ ಬೇರೆ, ಮೈಗೆ ತಾಗೋ ಬಿಸಿ ಬೇರೆ: ಉಪಗ್ರಹದ ಡೇಟಾ ಬಳಸೋದು ಹೇಗೆ

ಹೋದ ಬೇಸಿಗೇಲಿ ಪಬ್ಲಿಕ್ ಹೆಲ್ತ್ ಓದ್ತಿರೋ ಹುಡುಗ ಒಬ್ಬ ಉಪಗ್ರಹದ ಡೇಟಾದಿಂದ ಮಾಡಿದ ಕೆಂಪು ನಕ್ಷೆ ತಂದು ಪೀಣ್ಯದಲ್ಲಿ 46 ಡಿಗ್ರಿ ಸರ್, ಜನ ಹೆಂಗ್ ಬದುಕ್ತಾರೆ ಅಂದ. ಬೆಂಗಳೂರಿನ ಗಾಳಿಯ ದಾಖಲೆ ಉಷ್ಣಾಂಶನೇ 39.2, ಅದೂ 2016ರ ಏಪ್ರಿಲ್‌ದು. ಅವನು ಅಳೆದಿದ್ದು ಫ್ಯಾಕ್ಟರಿ ಶೀಟಿನ ಬಿಸಿ.

ವಾರ್ಡ್‌ವಾರು ಬಿಸಿಯನ್ನ ಕಾಯಿಲೆ ಜೊತೆ ಹೋಲಿಸಬೇಕಂದ್ರೆ ಮೊದಲು ಅರ್ಥ್ ಎಂಜಿನ್ (ಗೂಗಲ್‌ನ ಉಪಗ್ರಹ ಡೇಟಾ ತಾಣ) ಅಕೌಂಟ್ ಮಾಡ್ಕೊಳ್ಳಿ, ರಿಸರ್ಚ್‌ಗೆ ಫ್ರೀ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳದ್ದು, ಪಾಥ್ 144, ರೋ 51 (ಬೆಂಗಳೂರು ಬೀಳೋ ಚೌಕದ ನಂಬರ್), ಲೆವೆಲ್ 2 (ನೆಲದ ಉಷ್ಣಾಂಶ ಲೆಕ್ಕ ಹಾಕಿಟ್ಟಿರೋ ಡೇಟಾ) ತಗೊಳ್ಳಿ. ಅದರಲ್ಲಿ ಥರ್ಮಲ್ ಬ್ಯಾಂಡಿನ, ಅಂದ್ರೆ ಶಾಖ ತೋರಿಸೋ ಪದರದ ನಂಬರನ್ನ 0.00341802ರಿಂದ ಗುಣಿಸಿ, 149 ಕೂಡಿಸಿ, 273.15 ಕಳೆದ್ರೆ ಸೆಲ್ಸಿಯಸ್ ಬಂತು, ಅಷ್ಟೇ. ಯಾರೋ ಶೇರ್ ಮಾಡಿದ ರೆಡಿಮೇಡ್ ಹೀಟ್ ಮ್ಯಾಪ್ ಪಿಡಿಎಫ್ ಮಾತ್ರ ಮುಟ್ಟಬೇಡಿ, ಯಾವ ದಿನದ್ದು ಅಂತಾನೇ ಇರಲ್ಲ.

ಎಡವೋದು ಇನ್ಮುಂದೆ. ಮೊದಲನೇದು ಮೋಡ. ಕ್ಯೂಎ ಬ್ಯಾಂಡ್ (ಎಲ್ಲೆಲ್ಲಿ ಮೋಡ ಇದೆ ಅಂತ ಗುರುತು ಹಾಕಿರೋ ಪದರ) ಹಾಕಿ ಮೋಡ, ಅದರ ನೆರಳು ಎರಡೂ ತೆಗೀಲಿಲ್ಲ ಅಂದ್ರೆ ಮೋಡದ ತಣ್ಣನೆ ನೆತ್ತಿನೇ ವಾರ್ಡಿನ ಉಷ್ಣಾಂಶ ಅಂತ ಲೆಕ್ಕಕ್ಕೆ ಸೇರುತ್ತೆ, ಜುಲೈನಲ್ಲಿ ಜಯನಗರ 12 ಡಿಗ್ರಿ ಅಂತ ಬಂದಿದ್ದನ್ನ ನಾನೇ ನೋಡಿದೀನಿ. ಎರಡನೇದು ಸಮಯ. ಲ್ಯಾಂಡ್‌ಸ್ಯಾಟ್ ನಮ್ಮ ನೆತ್ತಿ ಮೇಲೆ ಹೋಗೋದು ಬೆಳಗ್ಗೆ ಹತ್ತೂವರೆ ಆಸುಪಾಸಿಗೆ, ಎರಡೂ ಸೇರಿ ಎಂಟು ದಿನಕ್ಕೊಂದ್ಸಲ, ಮಧ್ಯಾಹ್ನದ ಧಗೆನೂ ಅದಕ್ಕೆ ಕಾಣಲ್ಲ, ಶೀಟ್ ಮನೇಲಿ ರಾತ್ರಿ ನಿದ್ದೆ ಬರದೆ ಹೊರಳಾಡೋ ಅಜ್ಜಿನೂ ಕಾಣಲ್ಲ. ಫೈಲು 30 ಮೀಟರ್ ಅಂತ ತೋರಿಸಿದ್ರೂ ಥರ್ಮಲ್ ಸೆನ್ಸರ್ ನಿಜವಾಗಿ ನೋಡೋದು 100 ಮೀಟರ್, ಹಂಗಾಗಿ ಬೀದಿ ಬೀದಿ ಹೋಲಿಸೋಕೆ ಹೋಗಬೇಡಿ. ರಾತ್ರಿಗೆ ಮೋಡಿಸ್ (ನಾಸಾದ ಇನ್ನೊಂದು ಉಪಗ್ರಹ ಸೆನ್ಸರ್) ತಗೊಳ್ಳಿ, 1 ಕಿಲೋಮೀಟರ್ ಒರಟು, ಆದ್ರೂ ನನಗೆ ಅದೇ ಇಷ್ಟ. ಗಾಳಿಯ ಉಷ್ಣಾಂಶಕ್ಕೆ ಇರಾ5-ಲ್ಯಾಂಡ್ (ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದ ಹವಾಮಾನ ಡೇಟಾ) ಇಲ್ಲಾ ಹವಾಮಾನ ಕೇಂದ್ರದ ರೀಡಿಂಗ್. ಲ್ಯಾಂಡ್‌ಸ್ಯಾಟ್ ಹೇಳೋದು ಯಾವ ಏರಿಯಾ ಪಕ್ಕದ ಏರಿಯಾಗಿಂತ ಕಾದಿದೆ ಅನ್ನೋದಷ್ಟೇ.

ಆಮೇಲೆ ರೋಗದ ಲೆಕ್ಕ ಜೋಡಿಸಿ. ರೋಗಿ ಮನೆ ವಿಳಾಸ ಬೇಕು, ಆಸ್ಪತ್ರೆದಲ್ಲ, ಇಲ್ಲಾಂದ್ರೆ ದೊಡ್ಡಾಸ್ಪತ್ರೆ ಇರೋ ವಾರ್ಡೇ ಊರಿಗೆಲ್ಲ ಕಾಯಿಲೆ ವಾರ್ಡ್ ಆಗುತ್ತೆ. ಡೆಂಗಿ ಆದ್ರೆ ಅದೇ ವಾರದ ಮಳೆ ಇಟ್ಕೊಂಡು ಕೂರಬೇಡಿ, ಸೊಳ್ಳೆ ಮರಿ ಆಗಿ, ಕಚ್ಚಿ, ಜ್ವರ ಬರೋಕೆ ವಾರಗಳೇ ಬೇಕು, ನಾಲ್ಕರಿಂದ ಎಂಟು ವಾರ ಹಿಂದಿನ ಮಳೆನೂ ಹಾಕಿ ನೋಡಿ. ವಾರ್ಡ್ ಗಡಿ ಫೈಲಿನ ಹೆಸರಲ್ಲೇ ವರ್ಷ ಬರೆದಿಡಿ: ಮೊದ್ಲು 198 ಇತ್ತು, ಆಮೇಲೆ 243 ಅಂದ್ರು, 2023ರಲ್ಲಿ 225 ಆಯ್ತು, ನಮ್ಮ ಹುಡುಗ ಮೂರನ್ನೂ ಒಂದೇ ಎಕ್ಸೆಲ್ ಶೀಟಲ್ಲಿ ಕಲಸಿದ್ದ.